ಬೀಗಣ್ಣನ ಫೈಲು ಕದ್ದು ನೋಡಿದವರು

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಪ್ರತಿ ರೋಗಿಯ ಫೈಲಿನ ಮೂಲೆಗೂ ಒಂದು ಪುಟ್ಟ ಕಣ್ಣಿನ ಚಿತ್ರ ಬಂದು ಕೂತಿತ್ತು. ಅದರ ಪಕ್ಕ ಒಂದು ಸಂಖ್ಯೆ. ಚಿಕಿತ್ಸೆ ಕೊಡುವ ಡಾಕ್ಟರನ್ನು ಬಿಟ್ಟು ಉಳಿದವರು ಆ ಫೈಲನ್ನು ಈವರೆಗೆ ಎಷ್ಟು ಸಲ ತೆರೆದಿದ್ದಾರೆ ಎಂಬ ಎಣಿಕೆ ಅದು. ರೋಗಿಗಳ ಗುಟ್ಟು ಕಾಯಲೆಂದು ಮಾಡಿದ ಈ ಹೊಸ ಏರ್ಪಾಟು ಮೊದಲು ನುಂಗಿದ್ದು ದಾಖಲೆ ವಿಭಾಗದ ಗುಮಾಸ್ತನ ನೆಮ್ಮದಿಯನ್ನು.

ಗುಮಾಸ್ತನಿಗೆ ಎಲ್ಲರೂ ಇಟ್ಟ ಹೆಸರು ಬೀಗಣ್ಣ. ಊಟದ ಡಬ್ಬಿಗೂ ಬೀಗ ಹಾಕುವ ಆಸಾಮಿ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ರೋಗಿಯ ವಿಷಯವನ್ನೂ ಹೊರಗೆ ಬಾಯಿಬಿಟ್ಟವನಲ್ಲ. ಇಂಥವನಿಗೆ ಹದಿನೈದು ದಿನದ ಹಿಂದೆ ಮೂಲವ್ಯಾಧಿ ಶುರುವಾಗಿ, ವಿಧಿಯಿಲ್ಲದೆ ತನ್ನದೇ ಆಸ್ಪತ್ರೆಯ ಸರ್ಜನ್‌ಗೆ ತೋರಿಸಿಕೊಂಡಿದ್ದ. ನೋವನ್ನು ಹೇಗಾದರೂ ತಡೆದುಕೊಂಡಾನು, ಆದರೆ ಜೊತೆಯವರಿಗೆ ಗೊತ್ತಾಗಬಾರದು. ಗೊತ್ತಾದರೆ ರಿಟೈರ್ ಆಗುವವರೆಗೂ ಅವನು ಕೂತರೂ ನಗು, ಎದ್ದರೂ ನಗು.

ತನ್ನ ಫೈಲು ತೆರೆದು ಮೂಲೆ ನೋಡಿದ. ಒಂಬತ್ತು!

ಎದ್ದು ನಿಂತು ಯೋಚಿಸುತ್ತಿದ್ದಾಗ ಪಕ್ಕದ ಕೌಂಟರಿನ ಕ್ಯಾಷಿಯರಮ್ಮ ತಲೆಯೆತ್ತಿದಳು. "ಯಾಕಣ್ಣಾ ನಿಂತೇ ಇದೀರಾ? ಕೂತ್ಕೊಳ್ಳಿ."

"ಕೂತ್ಕೊಳ್ಳಿ ಅಂತ ಯಾಕೆ ಹೇಳಿದ್ರಿ?"

"ಕುರ್ಚಿ ಖಾಲಿ ಇದೆಯಲ್ಲಾ, ಅದಕ್ಕೆ."

ಆ ಮಾತಿನ ಹಿಂದೆ ಏನೋ ಇದೆ ಅನ್ನಿಸಿತು ಬೀಗಣ್ಣನಿಗೆ. ಮತ್ತೆ ಫೈಲು ತೆರೆದ. ಹತ್ತು!

ಹನ್ನೊಂದು ಗಂಟೆಗೆ ಔಷಧಿ ಅಂಗಡಿಯವರು ಅವನ ಮುಖ ನೋಡಿ, "ಏನ್ರೀ ಇಷ್ಟು ಬಾಡಿದೀರಾ? ನೀರು ಚೆನ್ನಾಗಿ ಕುಡೀರಿ" ಎಂದರು. ಬೀಗಣ್ಣ ಓಡಿಬಂದು ನೋಡಿದರೆ ಹನ್ನೊಂದು. ಮಧ್ಯಾಹ್ನ ಕ್ಯಾಂಟೀನಿನವನು, "ಮಾವ, ಇವತ್ತು ಸ್ವಲ್ಪ ಖಾರ ಮುಂದಾಗಿದೆ, ನೋಡ್ಕೊಂಡು ತಿನ್ನಿ" ಎಂದ. ಬೀಗಣ್ಣ ತಟ್ಟೆಯನ್ನು ಅಲ್ಲೇ ಬಿಟ್ಟು ಬಂದ. ಹನ್ನೆರಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಬೀಗಣ್ಣ ಆ ದಿನ ಮುಟ್ಟಿ ನೋಡಿಕೊಳ್ಳಲೂ ಆಗದ ಸ್ಥಿತಿಯಲ್ಲಿದ್ದ. ಮೂರು ಗಂಟೆಯ ಹೊತ್ತಿಗೆ ಸಂಖ್ಯೆ ಹದಿನಾರಕ್ಕೆ ಏರಿತ್ತು.

ಮೂರೂವರೆಗೆ ಸಿಬ್ಬಂದಿಗೆಲ್ಲ ಸಭೆ. ಮಾಹಿತಿ ಸುರಕ್ಷತೆಗೆಂದು ಹೊಸದಾಗಿ ಬಂದ ಅಧಿಕಾರಿ ಮೇಡಂ ಕಣ್ಣಿನ ಚಿತ್ರದ ಮಹಿಮೆಯನ್ನು ವಿವರಿಸಿ, "ಯಾರಿಗಾದ್ರೂ ಪ್ರಶ್ನೆ ಇದೆಯಾ?" ಎಂದರು.

ಬೆಳಗಿನಿಂದ ಕುದಿಯುತ್ತಿದ್ದ ಬೀಗಣ್ಣ ಉಕ್ಕಿಯೇಬಿಟ್ಟ. "ಇದೆ ಮೇಡಂ! ನನ್ನ ಮೂಲವ್ಯಾಧಿ ಫೈಲನ್ನ ಹದಿನಾರು ಸಲ ಕದ್ದು ನೋಡಿದಾರೆ! ಈ ಕ್ಯಾಷಿಯರಮ್ಮ, ಆ ಔಷಧಿ ಅಂಗಡಿಯವ್ರು, ಕೊನೆಗೆ ಆ ಕ್ಯಾಂಟೀನಿನವನೂ ಬಿಟ್ಟಿಲ್ಲ!"

ಎಲ್ಲರ ತಲೆಗಳೂ ಬೀಗಣ್ಣನ ಕಡೆ ತಿರುಗಿದವು.

"ಅಯ್ಯೋ ಅಣ್ಣಾ," ಎಂದಳು ಕ್ಯಾಷಿಯರಮ್ಮ ನಿಜವಾದ ಮರುಕದಿಂದ, "ನಿಮಗೆ ಮೂಲವ್ಯಾಧಿನಾ?"

"ನನ್ನ ಹತ್ರ ಕಂಪ್ಯೂಟರ್ ಎಲ್ಲಿದೆ ಮಾವ?" ಎಂದ ಕ್ಯಾಂಟೀನಿನವನು.

ಗುಟ್ಟು ತನ್ನ ಬಾಯಿಂದಲೇ ಹೊರಬಿತ್ತೆಂದು ಬೀಗಣ್ಣನಿಗೆ ಹೊಳೆಯಿತು. ಆದರೆ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆಯುವುದು ಹೇಗೆ? ಮೇಡಂ ಲ್ಯಾಪ್‌ಟಾಪ್ ತಿರುಗಿಸಿ ನೋಡಿ, "ಒಳಗೆ ಬನ್ನಿ, ಯಾರು ಅಂತ ನಿಮಗೊಬ್ರಿಗೇ ಹೇಳ್ತೀನಿ" ಎಂದರು ಮೆಲ್ಲಗೆ.

"ಬೇಡ! ಇಲ್ಲೇ ಓದಿ. ಕಳ್ಳ ಯಾರು ಅಂತ ಎಲ್ರಿಗೂ ಗೊತ್ತಾಗ್ಲಿ!"

"ನೀವೇ ಹೇಳಿದ ಮೇಲೆ ಸರಿ. ಹದಿನಾರು ಸಲವೂ ತೆರೆದದ್ದು ಒಬ್ಬರೇ. ದಾಖಲೆ ವಿಭಾಗದ ಗುಮಾಸ್ತರು. ಹೋದ ವಾರ ಎಂಟು ಸಲ, ಇವತ್ತು ಎಂಟು ಸಲ."

ಹೋದ ವಾರವೆಲ್ಲ ಯಾರಾದರೂ ನೋಡಿಯಾರೇ ಎಂದು ತಾನೇ ತೆಗೆದು ತೆಗೆದು ಪರೀಕ್ಷಿಸಿದ್ದು ಬೀಗಣ್ಣನಿಗೆ ಆಗ ನೆನಪಾಯಿತು. ಒಂದು ನರಪಿಳ್ಳೆಯೂ ಅವನ ಫೈಲಿನ ಕಡೆ ತಲೆ ಹಾಕಿರಲಿಲ್ಲ.

"ಇರಲಾರದೆ ಇರುವೆ ಬಿಟ್ಕೊಂಡ್ರಲ್ರೀ!" ಎಂದರು ಔಷಧಿ ಅಂಗಡಿಯವರು. ಅದುವರೆಗೆ ತಡೆದಿಟ್ಟ ನಗು ಕಟ್ಟೆಯೊಡೆಯಿತು.

ಮೇಡಂ ಮಾತ್ರ ನಗಲಿಲ್ಲ. "ಕೆಲಸಕ್ಕೆ ಸಂಬಂಧ ಇಲ್ಲದೆ ರೋಗಿಯ ಫೈಲು ತೆರೆದ ನೌಕರರಿಗೆ ಹದಿನೈದು ದಿನ ಅಮಾನತು. ಕಂಪ್ಯೂಟರಿಗೆ ನೌಕರ ಯಾರು, ರೋಗಿ ಯಾರು ಅಂತ ಬೇರೆ ಬೇರೆ ಲೆಕ್ಕ. ರೋಗಿ ಕ್ಷಮಿಸಿದ್ರೆ ಮಾತ್ರ ಬಿಡಬಹುದು."

"ರೋಗಿ ನಾನೇ ಅಲ್ವಾ ಮೇಡಂ? ಕ್ಷಮಿಸಿದೀನಿ, ಮನಸಾರೆ ಕ್ಷಮಿಸಿದೀನಿ!"

"ರೋಗಿಯನ್ನ ಹೆದರಿಸಿ ಬರೆಸಿಕೊಂಡಿಲ್ಲ ಅನ್ನೋದಕ್ಕೆ ಮನೆಯವರ ಒಪ್ಪಿಗೆನೂ ಬೇಕು. ನಿಮ್ಮ ಮನೆ ನಂಬರಿಗೆ ಆಗಲೇ ಮೆಸೇಜ್ ಹೋಗಿದೆ."

ಅಷ್ಟರಲ್ಲಿ ಬೀಗಣ್ಣನ ಫೋನು ಹೊಡೆದುಕೊಂಡಿತು. ಅತ್ತ ಹೆಂಡತಿ. ಅವಳ ಧ್ವನಿ ಹಿಂದಿನ ಸಾಲಿನವರೆಗೂ ಕೇಳಿಸುತ್ತಿತ್ತು.

"ರೀ! ಯಾವನೋ ಗುಮಾಸ್ತ ನಿಮ್ಮ ಫೈಲನ್ನ ಹದಿನಾರು ಸಲ ಕದ್ದು ನೋಡಿದಾನಂತೆ! ಕ್ಷಮಿಸ್ತೀರಾ ಅಂತ ಕೇಳಿದ್ರು, ಸಾಧ್ಯವೇ ಇಲ್ಲ ಅಂತ ಒತ್ತಿಬಿಟ್ಟೆ. ನೀವು ಸಾಧು, ನಿಮಗೆ ಗದರಿಸೋಕೆ ಬರಲ್ಲ. ನನ್ನ ತಮ್ಮನ್ನ ಕರ್ಕೊಂಡು ಆಟೋ ಹತ್ತಿದೀನಿ. ನಾವು ಬರೋವರೆಗೆ ಆ ಮಾನಗೆಟ್ಟವನನ್ನ ಎಲ್ಲಿಗೂ ಹೋಗೋಕೆ ಬಿಡ್ಬೇಡಿ!"