ಹದಿನೇಳನೇ ಅಧ್ಯಾಯ ತಿದ್ದುವ ಬಗ್ಗೆ

ಇಂದ:
ಚಿಕ್ಕಸ್ವಾಮಿ ಬಿನ್ ಲೇಟ್ ಶಿವಲಿಂಗಯ್ಯ,
ನಾಟಕದ ಪರದೆ ಬರೆಯುವವರು, ವಯಸ್ಸು ನಲವತ್ತೆಂಟು,
ಪಾಂಡವಪುರ ಟೌನು.
(ಇಲ್ಲಿ ‘ಲೇಟ್’ ಎಂಬುದು ತಂದೆಯವರಿಗೆ ಮಾತ್ರ ಸೇರಿದ್ದು. ತಮ್ಮ ಪುಸ್ತಕವು ಅದನ್ನು ಮಗನಿಗೂ ಸೇರಿಸಿದೆ.)

ಗೆ:
ಮಾನ್ಯ ಸಂಪಾದಕರು,
ಹದಿಹರೆಯದ ಓದು ಮಾಲೆ,
ಕೋಟೆಬಾಗಿಲು ಪ್ರಕಾಶನ, ಶ್ರೀರಂಗಪಟ್ಟಣ.

ದಿನಾಂಕ: ೨೦-೨-೧೯೯೭

ವಿಷಯ: ‘ರಕ್ತ ಕಾರಿದ ಕುಂಚ’ ಎಂಬ ಕಾದಂಬರಿಯಲ್ಲಿ ಅರ್ಜಿದಾರರು ಸತ್ತಿರುವುದಕ್ಕೆ ಆಕ್ಷೇಪಣೆ ಇಲ್ಲದಿರುವ ಬಗ್ಗೆ, ಮತ್ತು ಹದಿನೇಳನೇ ಅಧ್ಯಾಯಕ್ಕೆ ಇರುವ ಬಗ್ಗೆ.

ಉಲ್ಲೇಖ: ೧. ಸದರಿ ಕಾದಂಬರಿ, ಮೊದಲ ಮುದ್ರಣ, ೧೯೯೬.
೨. ಅರ್ಜಿದಾರರು ಕಳೆದ ತಿಂಗಳು ತಮಗೆ ಸಲ್ಲಿಸಿದ ಅರ್ಜಿ (ಇದನ್ನು ಈ ಮೂಲಕ ವಾಪಸು ಪಡೆಯಲಾಗಿದೆ).
೩. ಅರ್ಜಿದಾರರ ಹೆಂಡತಿ ಮಂಗಳಮ್ಮನವರು ಬಿಂಡಿಗನವಿಲೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದಡಿ ಕೂರುವ ಅರ್ಜಿ ಬರಹಗಾರ ಮರಿಸ್ವಾಮಿ ಎಂಬುವನು ಅರ್ಜಿದಾರರ ಪರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ದಾಖಲೆಯಲ್ಲಿ ಸತ್ತುಹೋದವರನ್ನು ಬದುಕಿಸಿಕೊಡಿ ಎಂಬ ಅರ್ಜಿಗಳನ್ನು ಈ ಬರಹಗಾರ ಸಾಕಷ್ಟು ಬರೆದಿದ್ದಾನೆ. ಸಾಯಿಸಿದ್ದೇನೋ ಸರಿ, ಆದರೆ ಸಾಯುವ ಮುಂಚಿನ ಒಂದು ಕೆಲಸ ನಾನು ಮಾಡಿದ್ದಲ್ಲ, ಅದನ್ನು ತೆಗೆಯಿರಿ ಎಂದು ಕೇಳಿಕೊಂಡು ಬಂದವರು ಇವರೊಬ್ಬರೇ. ಮಂಗಳಮ್ಮನವರು ತವರಿನಿಂದ ಮನೆಗೆ ಬರುವುದೋ ಬಿಡುವುದೋ ಈ ಅರ್ಜಿಯ ಮೇಲೆ ನಿಂತಿರುವ ಕಾರಣ, ತಾವು ಇದನ್ನು ಬೇರೆ ಕಾಗದಗಳ ಅಡಿಗೆ ಹಾಕದೆ ಓದಬೇಕಾಗಿ ಕೋರಿಕೆ.

೧. ಅರ್ಜಿದಾರರು ಪೌರಾಣಿಕ ನಾಟಕಗಳಿಗೆ ಪರದೆ ಬರೆದು ಬಾಡಿಗೆಗೆ ಕೊಡುವವರು. ಈ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಊರೂರಲ್ಲೂ ಕುರುಕ್ಷೇತ್ರ ಆಡುತ್ತಾರೆ. ಹಗಲು ಗದ್ದೆಯಲ್ಲಿ ಕೆಸರು ತುಳಿದವನು ರಾತ್ರಿ ಕಿರೀಟ ಇಟ್ಟುಕೊಂಡು ಧರ್ಮರಾಯನಾದರೆ ಅವನ ಬೆನ್ನ ಹಿಂದೆ ಅರಮನೆ ಇಳಿಯಬೇಕು, ಬೀದಿ ಇಳಿಯಬೇಕು, ಕಾಡು ಇಳಿಯಬೇಕು. ಆ ಮೂರೂ ಅರ್ಜಿದಾರರ ಶೆಡ್ಡಿನಿಂದ ಟ್ರಾಕ್ಟರಿನಲ್ಲಿ ಹೋಗಿ ಬರುತ್ತವೆ. ಅರ್ಜಿದಾರರು ಬೀಡಿ ಸೇದುವುದಿಲ್ಲ. ಹೆಂಡ ಕುಡಿದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಮಜ್ಜಿಗೆ ಎಂದು ತಿಳಿದು. ರಾತ್ರಿ ಉಂಡ ಕೂಡಲೇ ನಿದ್ದೆ ಬರುವುದರಿಂದ, ತಾವೇ ಬರೆದ ಪರದೆಯ ಮುಂದೆ ನಡೆದ ಯಾವ ನಾಟಕವನ್ನೂ ಅವರು ಕೊನೆಯವರೆಗೆ ನೋಡಿಲ್ಲ.

೨. ಹೀಗಿರುವಲ್ಲಿ ಎರಡು ವರ್ಷದ ಹಿಂದೆ ಕೆ.ಆರ್. ಪೇಟೆಯಿಂದ ಸಿದ್ದಾರ್ಥ ಎಂಬ ಎಳೆ ವಯಸ್ಸಿನ ಮೇಷ್ಟ್ರು ಹೆಗಲಿಗೆ ಚೀಲ ನೇತುಹಾಕಿಕೊಂಡು ಬಂದರು. ಹದಿಹರೆಯದ ಮಕ್ಕಳು ಓದುವಂಥ ಕಾದಂಬರಿ ಬರೆಯಬೇಕು, ಅದು ಒಬ್ಬ ಕಲಾವಿದನ ಜೀವನಚರಿತ್ರೆಯ ಹಾಗೆ ಇರಬೇಕು, ಕಲಾವಿದ ಚೆನ್ನಾಗಿ ನೊಂದಿರಬೇಕು ಎಂದರು. ಒಂದು ವಾರ ಶೆಡ್ಡಿನಲ್ಲಿ ಕೂತು ನಿಮ್ಮ ನೋವೇನು ಎಂದು ಕೇಳಿದರು. ಅರ್ಜಿದಾರರು ಕೈಲಾದಷ್ಟು ಹುಡುಕಿದರು. ಬಗ್ಗಿ ಬಗ್ಗಿ ಬರೆದು ಸೊಂಟ ನೋಯುತ್ತದೆ ಎಂದರು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ತಂದೆ ಹೊಡೆಯುತ್ತಿದ್ದರಾ ಎಂದು ಮತ್ತೆ ಕೇಳಿದರು. ತಂದೆ ಶಿವಲಿಂಗಯ್ಯನವರು ನಾಟಕದಲ್ಲಿ ಕಾಯಂ ಭೀಮ. ಅವರು ಯಾರಿಗಾದರೂ ಹೊಡೆದಿದ್ದರೆ ಅದು ದುರ್ಯೋಧನನಿಗೆ, ಅದೂ ಹತ್ತಿ ತುಂಬಿದ ಗದೆಯಲ್ಲಿ. ಮಗ ಇದ್ದಿಲು ಹಿಡಿದು ಗೋಡೆಯ ಮೇಲೆ ಗೀಚಿದರೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಆದಕಾರಣ ಆ ದಾರಿಯೂ ಮುಚ್ಚಿತು. ಮೇಷ್ಟ್ರು ಬಸ್ಸು ಹತ್ತುವಾಗ ಅವರ ಮುಖ ನೋಡಿ ಅರ್ಜಿದಾರರಿಗೆ, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಹಾಗಾಯಿತಲ್ಲ ಎಂದು ಬೇಜಾರಾಯಿತಂತೆ.

೩. ಆದ್ದರಿಂದ ನೋವನ್ನು ಮೇಷ್ಟ್ರೇ ಒದಗಿಸಿದರು. ಪುಸ್ತಕದಲ್ಲಿ ತಂದೆ ಮಗನ ಕುಂಚಗಳನ್ನು ಒಲೆಗೆ ಹಾಕುತ್ತಾನೆ. ಮಗ, ಚಿನಕುರಳಿಯ ಕಲ್ಲುಗಣಿ ಯಜಮಾನನ ಮಗಳು ಪ್ರಿಯಾಂಕ ಎಂಬುವಳನ್ನು ಪ್ರೀತಿಸುತ್ತಾನೆ. ಅವಳನ್ನು ಮೈಸೂರಿಗೆ ಮದುವೆ ಮಾಡಿ ಕೊಟ್ಟುಬಿಡುತ್ತಾರೆ. ಅರ್ಜಿದಾರರ ಹರೆಯದಲ್ಲಿ ಚಿನಕುರಳಿಯಲ್ಲಿ ಪುಟ್ಟಲಕ್ಷ್ಮಮ್ಮ ಇದ್ದರು, ಸಿದ್ದಲಿಂಗಮ್ಮ ಇದ್ದರು, ಮಾದಮ್ಮ ಎಂದು ಕೂಗಿದರೆ ಬೀದಿಯ ಎರಡೂ ಕಡೆಯಿಂದ ಓಗೊಡುತ್ತಿದ್ದರು. ಪ್ರಿಯಾಂಕ ಎಂಬ ಹೆಸರು ಆ ಕಾಲಕ್ಕೆ ಇನ್ನೂ ಈ ಕಡೆ ಬಂದೇ ಇರಲಿಲ್ಲ. ಅದಾದ ಮೇಲೆ ಕುಡಿತ, ಕೆಮ್ಮು, ರಕ್ತ. ಹದಿನೇಳನೇ ಅಧ್ಯಾಯದಲ್ಲಿ ಕಲಾವಿದ ಜ್ವರದಲ್ಲಿ ಬೇಯುತ್ತ, ಒಂದೇ ರಾತ್ರಿಯಲ್ಲಿ, ಒಬ್ಬನೇ ಕೂತು, ಕಾಡಿನ ಪರದೆಯ ಎಲೆಗಳನ್ನೆಲ್ಲ ಬರೆದು ಮುಗಿಸುತ್ತಾನೆ. ಎಲೆ ಎಲೆಯಲ್ಲೂ ಅವನಿಗೆ ಪ್ರಿಯಾಂಕಳ ಕಣ್ಣು ಕಾಣುತ್ತದೆ. ಬೆಳಗಾಗುವ ಹೊತ್ತಿಗೆ ಅದೇ ಪರದೆಯ ಮೇಲೆ ಒರಗಿ ಪ್ರಾಣ ಬಿಡುತ್ತಾನೆ. ಆಗ ಅವನಿಗೆ ಮೂವತ್ತಮೂರು ವರ್ಷ. ಈ ಬರಹಗಾರನೂ ಆ ಅಧ್ಯಾಯ ಓದಿದ್ದಾನೆ, ಸುಳ್ಳೆಂದು ಗೊತ್ತಿದ್ದೂ ಕಣ್ಣೊರೆಸಿಕೊಂಡಿದ್ದಾನೆ. ಸತ್ತ ಆಸಾಮಿ ಆಗ ಎದುರಿನ ಬೆಂಚಿನಲ್ಲಿ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು.

೪. ಪುಸ್ತಕ ಬಂದ ಮೊದಲಿಗೆ ಅರ್ಜಿದಾರರಿಗೆ ಇದು ತಮಾಷೆಯಾಗಿತ್ತು. ಬರಬರುತ್ತ ರುಚಿ ಹತ್ತಿತು ಎಂಬುದನ್ನು ಅವರೇ ಒಪ್ಪುತ್ತಾರೆ. ಸಿಂಧಘಟ್ಟದ ನಾಟಕದವರು ಹಿಂದೆಲ್ಲ ಬಾಗಿಲಲ್ಲೇ ನಿಂತು ‘ಲೇ ಚಿಕ್ಕಸಾಮಿ, ಅರಮನೆ ಖಾಲಿ ಅದೇನ್ಲಾ’ ಎಂದು ಕೂಗುತ್ತಿದ್ದವರು, ಈಗ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರತೊಡಗಿದರು. ಅರ್ಜಿದಾರರು ಕ್ಷೌರದಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಕೂದಲು ಹೆಗಲಿಗೆ ಬಂದಾಗ ಮಂಗಳಮ್ಮನವರು ಯಾಕೆಂದು ಕೇಳಿದ್ದಕ್ಕೆ ಚಳಿ ಎಂದರು.

ಕಳೆದ ತಿಂಗಳ ಮೊದಲಲ್ಲಿ ನಾಗಮಂಗಲ ಕಡೆಯ ಒಂದು ಹೈಸ್ಕೂಲಿನವರು ಪ್ರವಾಸ ಬಂದರು. ಶ್ರೀರಂಗಪಟ್ಟಣದಲ್ಲಿ ಕೋಟೆ ನೋಡಿಕೊಂಡು, ದಿವಂಗತ ಕಲಾವಿದರ ಸಮಾಧಿಯನ್ನೂ ನೋಡಿಬಿಡೋಣ ಎಂದು ಪಾಂಡವಪುರಕ್ಕೆ ಬಸ್ಸು ತಿರುಗಿಸಿದರು. ದಿವಂಗತರು ಜಗಲಿಯ ಮೇಲೆ ಮುದ್ದೆ ಉಣ್ಣುತ್ತಿದ್ದರು. ಮಕ್ಕಳ ಮುಖ ಬಾಡಿಹೋಯಿತು. ಸಹನ ಎಂಬ ಹುಡುಗಿಗೆ ಅಳುವೇ ಬಂತು, ಅದು ಸಂತೋಷಕ್ಕಂತೂ ಅಲ್ಲ. ದೂರದಿಂದ ಬಂದ ಮಕ್ಕಳನ್ನು ನಿರಾಸೆ ಮಾಡಬಾರದೆಂದು ಅರ್ಜಿದಾರರು ಕೈತೊಳೆದು ಬಂದು, ಟವಲು ಬಾಯಿಗೆ ಹಿಡಿದು, ಎರಡು ಸಲ ಕೆಮ್ಮಿದರು. ಹುಡುಗಿ ಸುಧಾರಿಸಿಕೊಂಡಳು. ಚೀಲದಿಂದ ಪುಸ್ತಕ ತೆಗೆದು, ಕಾಡಿನ ಎಲೆಗಳನ್ನೆಲ್ಲ ಒಂದೇ ರಾತ್ರಿಯಲ್ಲಿ ನೀವೊಬ್ಬರೇ ಬರೆದದ್ದು ನಿಜವಾ ಸಾರ್ ಎಂದು ಕೇಳಿದಳು. ಅರ್ಜಿದಾರರು ಹೂಂ ಎಂದರು. ಮಂಗಳಮ್ಮನವರು ಎಲ್ಲರಿಗೂ ಮಜ್ಜಿಗೆ ಕೊಟ್ಟರು.

೫. ಮರುದಿನ ಬೆಳಗಿನ ಬಸ್ಸಿಗೆ ಮಂಗಳಮ್ಮನವರು ತವರೂರು ಬಿಂಡಿಗನವಿಲೆಗೆ ಹೊರಟುಹೋದರು. ಜಗಳವಿಲ್ಲ, ಮಾತಿಲ್ಲ. ಹೋಗುವ ಮುಂಚೆ ಸಾರು ಮಾಡಿಟ್ಟು, ಪಾತ್ರೆಗೆ ಮುಚ್ಚಳವಾಗಿ ಆ ಪುಸ್ತಕವನ್ನು ಮಗುಚಿ ಹಾಕಿದ್ದರು. ಹೋದದ್ದು ಯಾಕೆಂದು ಬೀದಿಯವರು ಒಂದೇ ಏಟಿಗೆ ತೀರ್ಮಾನ ಮಾಡಿದರು: ಪ್ರಿಯಾಂಕ. ಅರ್ಜಿದಾರರಿಗೂ ಹಾಗೇ ಅನ್ನಿಸಿತು. ಈ ಬರಹಗಾರನೂ ಹಾಗೇ ತಿಳಿದು, ಪ್ರಿಯಾಂಕಳನ್ನು ಪುಸ್ತಕದಿಂದ ತೆಗೆಯಬೇಕೆಂದು ಉಲ್ಲೇಖ ಎರಡರ ಅರ್ಜಿ ಬರೆದುಕೊಟ್ಟ. ತಾವು ಅದನ್ನು ಮೇಷ್ಟ್ರಿಗೆ ಕಳಿಸಿದಿರಿ. ಅವಳು ಹೋದರೆ ಪುಸ್ತಕದ ಜೀವವೇ ಹೋಗುತ್ತದೆ, ಬೇಕಾದರೆ ಅವಳು ಕೇವಲ ಕಲ್ಪನೆ ಎಂದು ಬರೆದುಕೊಡುತ್ತೇನೆ ಎಂದ ಅವರು, ಹಾಗೇ ಬರೆದು ಸಹಿ ಹಾಕಿ ಕಳಿಸಿದರು. ಇಲ್ಲದ ಹೆಂಗಸು ಇಲ್ಲವೆಂದು ಸರ್ಟಿಫಿಕೇಟು ಪಡೆದ ಗಂಡಸು ಈ ತಾಲ್ಲೂಕಿನಲ್ಲಿ ಬೇರೊಬ್ಬರು ಇರಲಾರರು.

ಈ ನಡುವೆ ಅರ್ಜಿದಾರರ ಸ್ಥಿತಿ ಹೇಳತೀರದು. ಬಣ್ಣ ಕಲಸುವಾಗ ‘ಇಷ್ಟು ಸಾಕಾ’ ಎಂದು ಹಿಂದಕ್ಕೆ ತಿರುಗಿ ಕೇಳುವುದು, ಯಾರೂ ಇಲ್ಲದ್ದು ಕಂಡು ಡಬ್ಬಿ ಮುಚ್ಚಿ ಎದ್ದುಬಿಡುವುದು, ಇದೇ ಆಯಿತು. ಹೆಂಡತಿ ಇಲ್ಲದ ಮನೆಯಲ್ಲಿ ಅವರಿಗೆ ಬಹಳ ದುಃಖವಾಯಿತು. ಮೇಷ್ಟ್ರು ಒಂದು ವಾರ ಕೂತು ಹುಡುಕಿದ ನೋವು ಇದೇ ಇರಬೇಕು; ಬರುವುದು ಸ್ವಲ್ಪ ತಡವಾಯಿತು.

೬. ಸರ್ಟಿಫಿಕೇಟನ್ನು ಜೇಬಿನಲ್ಲಿಟ್ಟುಕೊಂಡು ಅರ್ಜಿದಾರರು ಬಿಂಡಿಗನವಿಲೆಗೆ ಹೋದರು. ಅತ್ತೆ ಮಂಚಮ್ಮನವರು ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದವರು ಅಳಿಯನ ಕೂದಲು ನೋಡಿ, ಯಾವ ದೇವರಿಗೆ ಹರಕೆ ಎಂದು ಕೇಳಿದರು. ಅರ್ಜಿದಾರರು ಜಗಲಿಯ ಮೇಲೆ ನಿಂತು ಪತ್ರವನ್ನು ಸಹಿಯವರೆಗೂ ಓದಿದರು. ಮಂಗಳಮ್ಮನವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವರು ಹೇಳಿದ್ದನ್ನು, ಅರ್ಜಿದಾರರ ಒತ್ತಾಯದ ಮೇರೆಗೆ, ಒಂದಕ್ಷರ ಬಿಡದೆ ಇಲ್ಲಿ ನಮೂದಿಸಿದೆ.

‘ಆ ಪ್ರಿಯಾಂಕ ಇದ್ರೆ ಇರ್ಲಿ ಬುಡಿ. ಪುಸ್ತಕ್ದಲ್ಲಿರೋಳು ಬಂದು ನನ್ನ ಒಲೆ ಮುಂದೆ ಕೂತ್ಕಂಡಾಳಾ? ಆ ಕಾಡ್ನ ಎಲೆ ಬರ್ದೋರು ಯಾರು, ಅದ್ನೇಳಿ.’

ಅರ್ಜಿದಾರರು ಪತ್ರವನ್ನು ಮಡಿಸಿದರು.

‘ಮೇಷ್ಟ್ರು ಮೇಲೆ ನಂಗೇನೂ ಇಲ್ಲ, ಅವ್ರೇನ್ ಕಂಡವ್ರೆ. ಆ ಹೆಣ್ಮಗ ಕೇಳ್ತಲ್ಲ, ಎಲ್ಲಾನೂ ನೀವೊಬ್ರೇ ಬರ್ದಿದ್ದಾ ಅಂತ. ಮಜ್ಗೆ ಇಟ್ಕಂಡು ನಾನು ಅಲ್ಲೇ ನಿಂತಿದ್ದೆ. ನೀವು ಊಂ ಅಂದ್ಬುಟ್ರಿ.’

೭. ನಿಜಾಂಶ ಏನೆಂದರೆ: ಕಾಡಿನ ಪರದೆ ಬರೆದದ್ದು ೧೯೭೯ರ ಕಾರ್ತಿಕದಲ್ಲಿ. ಮರದ ಬೊಡ್ಡೆ, ಆಕಾಶ, ದೂರದ ಬೆಟ್ಟ ಅರ್ಜಿದಾರರದು. ಎಲೆ ಪೂರ್ತಿ ಮಂಗಳಮ್ಮನವರದು. ಅರ್ಜಿದಾರರ ಕೈ ಕಂಬಕ್ಕೆ, ಕಿರೀಟಕ್ಕೆ ಒಗ್ಗಿದ್ದು. ಎಲೆ ಬರೆದರೆ ಎಲ್ಲವೂ ಒಂದೇ ಅಚ್ಚಿನಿಂದ ಉದುರಿದ ಹಾಗೆ ಬರುತ್ತವೆ. ಪರದೆಯನ್ನು ನಡುಮನೆ ತುಂಬ ಹಾಸಿದ್ದರಿಂದ ಅಡಿಗೆಯೆಲ್ಲ ಹಿತ್ತಲಲ್ಲಿ ಆಗುತ್ತಿತ್ತು. ಮಧ್ಯಾಹ್ನ ಪಾತ್ರೆ ತೊಳೆದು, ಕೂಸನ್ನು ಮಲಗಿಸಿ, ಮಂಗಳಮ್ಮನವರು ಸೀರೆ ಎತ್ತಿ ಕಟ್ಟಿ ಪರದೆಯ ಮೇಲೆ ಕೂತು ಒಂದು ಮೂಲೆಯಿಂದ ಬರೆಯುತ್ತ ಹೋದರು. ಹೊಂಗೆ ಬೇರೆ, ಬೇವು ಬೇರೆ, ಆಲ ಬೇರೆ. ಬಿಸಿಲು ಬಿದ್ದ ಕಡೆ ಎಳೆ ಹಸಿರು, ಹುಳ ತಿಂದ ಎಲೆಗೆ ತೂತು. ಆ ತಿಂಗಳಿಡೀ ಕೂಸಿನ ಅಂಗಾಲು ಹಸಿರಾಗಿಯೇ ಇತ್ತು. ಯಾರಿಗೂ ಜ್ವರ ಬಂದಿರಲಿಲ್ಲ. ಕಾಡು ಇಳಿದರೆ ಜನ ಪಾಂಡವರನ್ನು ಬಿಟ್ಟು ಎಲೆ ನೋಡುತ್ತಿದ್ದರು, ಇವತ್ತಿಗೂ ನೋಡುತ್ತಾರೆ. ಅದನ್ನು ಬರೆದವರು ಯಾರೆಂದು ಇಷ್ಟು ವರ್ಷ ಯಾರೂ ಕೇಳಲಿಲ್ಲ, ಅರ್ಜಿದಾರರೂ ಹೇಳಲಿಲ್ಲ. ಯಾರೂ ಕೇಳಿಲ್ಲವಲ್ಲ ಎಂಬುದು ಮಂಗಳಮ್ಮನವರ ಸಮಾಧಾನವಾಗಿತ್ತು. ಆ ಹುಡುಗಿ ಕೇಳಿದ ದಿನ ಅದೂ ಹೋಯಿತು.

೮. ಹೆಂಡತಿಯ ಮಾತು ಮುಗಿದ ಕೂಡಲೇ ಅರ್ಜಿದಾರರು ಎದ್ದು ಬಿಂಡಿಗನವಿಲೆ ಬಸ್ ಸ್ಟಾಪಿಗೆ ಹೋಗಿ, ಕಾಡಿನ ಎಲೆ ಬರೆದವಳು ನನ್ನ ಹೆಂಡತಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾವ ಕಾಡು ಎಂದು ಒಬ್ಬರು ವಿಚಾರಿಸಿದರು. ಉತ್ತರ ಮುಗಿಯುವ ಮೊದಲೇ ನಾಗಮಂಗಲದ ಬಸ್ಸು ಬಂದು, ವಿಚಾರಿಸಿದವರು ಹತ್ತಿಕೊಂಡರು. ವಾಪಸು ಬಂದು ಈ ವಿಷಯ ವರದಿ ಮಾಡಿದಾಗ ಮಂಗಳಮ್ಮನವರು ನಗಲಿಲ್ಲ.

‘ಕೇಳ್ದೇ ಇರೋರ್ಗೆ ಕೂಗ್ದ್ರೆ ಏನ್ ಬಂತು? ಕೇಳ್ದೋರ್ಗೆ ಹೇಳಿ, ಬತ್ತೀನಿ.’

೯. ಆದ್ದರಿಂದ, ಮೇಲೆ ಹೇಳಿದ ಎಲ್ಲ ಕಾರಣಗಳಿಂದ, ಅರ್ಜಿದಾರರ ಕೋರಿಕೆ ಹೀಗಿದೆ. ತಂದೆಯವರ ಕ್ರೌರ್ಯವನ್ನು ಹಾಗೇ ಬಿಡಬಹುದು. ಬದುಕಿದ್ದಿದ್ದರೆ ಭೀಮ ಬಿಟ್ಟು ಬೇರೊಂದು ಪಾತ್ರ ಸಿಕ್ಕಿತೆಂದು ಅವರೇ ಖುಷಿಪಡುತ್ತಿದ್ದರು. ಕುಡಿತ, ಕೆಮ್ಮು, ರಕ್ತ ಇರಲಿ. ಪ್ರಿಯಾಂಕಳೂ ಇರಲಿ. ಸಾವಿಗೂ ತಕರಾರಿಲ್ಲ. ಹದಿನೇಳನೇ ಅಧ್ಯಾಯದಲ್ಲಿ ಮಾತ್ರ ‘ಒಂದೇ ರಾತ್ರಿ’ ಎಂದಿರುವುದನ್ನು ‘ಒಂದು ತಿಂಗಳ ಮಧ್ಯಾಹ್ನಗಳು’ ಎಂದೂ, ‘ಒಬ್ಬನೇ’ ಎಂದಿರುವುದನ್ನು ‘ಹೆಂಡತಿ ಮಂಗಳಮ್ಮ’ ಎಂದೂ ತಿದ್ದಬೇಕು. ಮದುವೆಯೇ ಆಗದ ನಾಯಕನಿಗೆ ಹೆಂಡತಿ ಎಲ್ಲಿಂದ ಬಂದಳು ಎಂಬ ತೊಡಕನ್ನು ಮೇಷ್ಟ್ರು ಬಿಡಿಸಿಕೊಳ್ಳಲಿ. ಇಲ್ಲದ ಪ್ರಿಯಾಂಕಳನ್ನು ತಂದವರಿಗೆ ಇರುವ ಹೆಂಡತಿಯನ್ನು ತರುವುದು ಕಷ್ಟವಾಗಲಾರದು. ಹಾಗೆ ತಿದ್ದಿದರೆ ಆ ಅಧ್ಯಾಯ ಓದಿ ಯಾರಿಗೂ ಅಳು ಬರುವುದಿಲ್ಲ ಎಂದು ಅವರು ಹೇಳಬಹುದು. ಕೂಸಿನ ಅಂಗಾಲಿನ ಸಂಗತಿ ಬರೆಸುವಾಗ ಅರ್ಜಿದಾರರು ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡರು ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

ತಮ್ಮ ವಿಶ್ವಾಸಿ, ಈ ದಿನದವರೆಗೆ ಜೀವಂತ,
(ಸಹಿ) ಚಿಕ್ಕಸ್ವಾಮಿ

ಬಿಕ್ಕಲಂ: ಮರಿಸ್ವಾಮಿ, ಅರ್ಜಿ ಬರಹಗಾರ. ಅರ್ಜಿದಾರರಿಗೆ ಓದಿ ಹೇಳಿ, ಅವರು ಸರಿಯೆಂದು ಒಪ್ಪಿದ ಮೇಲೆ ಸಹಿ ಪಡೆದಿದೆ.

ಲಗತ್ತುಗಳು:
೧. ಸದರಿ ಕಾದಂಬರಿಯ ಪ್ರತಿ ಒಂದು. ರಟ್ಟಿನ ಮೇಲೆ ಸಾರಿನ ಕಲೆ ಇದೆ.
೨. ಪ್ರಿಯಾಂಕ ಇಲ್ಲವೆಂಬ ಬಗ್ಗೆ ಸಿದ್ದಾರ್ಥರ ಪತ್ರ. ಇನ್ನು ಇದರ ಅಗತ್ಯವಿಲ್ಲದ ಕಾರಣ ಹಿಂತಿರುಗಿಸಿದೆ.
೩. ಬಣ್ಣ ನೋಡಲು ಬರೆದ ಬಟ್ಟೆಯ ತುಂಡು ಎರಡು. ಒಂದರಲ್ಲಿರುವ ಎಲೆಗಳು ಮಂಗಳಮ್ಮನವರದು, ಇನ್ನೊಂದರಲ್ಲಿರುವವು ಅರ್ಜಿದಾರರದು. ಯಾವುದು ಯಾರದೆಂದು ಗುರುತು ಹಾಕಿಲ್ಲ, ಹಾಕುವ ಅಗತ್ಯ ಕಂಡುಬರಲಿಲ್ಲ.

ವಿಶೇಷ ಸೂಚನೆ: ಪುಸ್ತಕ ಮರುಮುದ್ರಣವಾಗಲು ಕಾಲ ಹಿಡಿಯುತ್ತದೆ ಎಂಬುದು ಅರ್ಜಿದಾರರಿಗೆ ಗೊತ್ತಿದೆ. ಆದರೆ ಆ ಹೈಸ್ಕೂಲು ಯಾವುದೆಂದು ಅವರು ಅಂದು ಕೇಳಿಕೊಳ್ಳಲಿಲ್ಲ. ಪುಸ್ತಕ ತರಿಸಿಕೊಂಡ ಶಾಲೆಗಳ ವಿಳಾಸ ತಮ್ಮಲ್ಲಿರುವ ಕಾರಣ, ಆ ಮಕ್ಕಳನ್ನು, ಎಲ್ಲರೂ ಆಗದಿದ್ದರೆ ಸಹನ ಎಂಬ ಹುಡುಗಿಯೊಬ್ಬಳನ್ನಾದರೂ, ಬಿಂಡಿಗನವಿಲೆಯ ಮಂಚಮ್ಮನವರ ಮನೆಗೆ ಒಂದು ಸಲ ಕಳಿಸಿಕೊಡುವಂತೆ ಆ ಶಾಲೆಯ ಮೇಷ್ಟ್ರಿಗೆ ಬರೆಯಬೇಕು. ಅರ್ಜಿದಾರರು ಶೆಡ್ಡಿಗೆ ಬೀಗ ಹಾಕಿ ಬಂದು ಅತ್ತೆ ಮನೆಯ ಜಗಲಿಯ ಮೇಲೆಯೇ ಇರುತ್ತಾರೆ. ಮಂಗಳಮ್ಮನವರು ಮನೆಯಲ್ಲಿರುವ ಹೊತ್ತು ನೋಡಿ ಬರಬೇಕು. ಬಂದವರು ಬೇರೇನೂ ಮಾಡಬೇಕಾಗಿಲ್ಲ. ಅಂದು ಕೇಳಿದ್ದನ್ನೇ ಇನ್ನೊಂದು ಸಲ ಕೇಳಿದರೆ ಸಾಕು.