ಕಿಟಕಿಯಿಂದ ಒಗೆದ ಟವೆಲ್

ನಮ್ಮ ಕಾಕಾ ಜೀವನದಲ್ಲಿ ಒಂದೇ ಒಂದು ಬಸ್ಸನ್ನೂ ತಪ್ಪಿಸಿಕೊಂಡವರಲ್ಲ. ಒಂದೇ ಒಂದು ಬಸ್ಸನ್ನೂ ನೆಮ್ಮದಿಯಿಂದ ಹತ್ತಿದವರೂ ಅಲ್ಲ! ಹತ್ತು ಗಂಟೆಯ ಬಸ್ಸಿಗೆ ಎಂಟಕ್ಕೇ ನಿಲ್ದಾಣದಲ್ಲಿ ಹಾಜರು. ಬಸ್ಸು ಬರುತ್ತದೋ ಇಲ್ಲವೋ ಎಂದು ಮೂವರನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಮೂವರೂ ಒಂದೇ ಉತ್ತರ ಕೊಟ್ಟರೆ, "ಮೂರೂ ಮಂದಿ ಮೊದಲ ಮಾತಾಡ್ಕೊಂಡಾರೇನಪಾ" ಎಂದು ನಾಲ್ಕನೆಯವನನ್ನು ಹುಡುಕುತ್ತಾರೆ. ಆದರೆ ಬಸ್ಸು ಬಂದು ನಿಂತ ಗಳಿಗೆಯಲ್ಲಿ ಆ ಅಂಜಿಕೆಯೆಲ್ಲ ಎಲ್ಲಿ ಹೋಗುತ್ತದೋ! ಹೆಗಲ ಮೇಲಿನ ಕೆಂಪು ಚೌಕಳಿಯ ಟವೆಲ್ಲನ್ನು ಗಾಳಿಯಲ್ಲಿ ಒಮ್ಮೆ ತಿರುವಿ ಕಿಟಕಿಯೊಳಗೆ ಒಗೆದರೆಂದರೆ ಸೀಟು ಸಿಕ್ಕಂತೆಯೇ. ಯಾರಾದರೂ ಅದನ್ನು ಸರಿಸಲು ಕೈ ಹಾಕಿದರೋ, ಹೊರಗಿನಿಂದಲೇ ಒದರುತ್ತಾರೆ: "ಏ, ಮಂದಿ ಬರೋರದಾರ್ರೀ ಅಲ್ಲಿ!"

ಆ ಮಂದಿ ಎಂದರೆ ಇವರೊಬ್ಬರೇ.

ಕಾಕಾ ನನ್ನ ತಂದೆಯ ತಮ್ಮ. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಈಗ ನಮ್ಮೂರು ಇಂಡಿಯಲ್ಲಿ ನಮ್ಮೊಂದಿಗೇ ಇದ್ದಾರೆ. ಲಗ್ನವಾಗಲಿಲ್ಲ. ಯಾಕೆಂದು ಕೇಳಿದರೆ, "ಚಿಂತಿ ಮಾಡಾಕ ನೀವೆಲ್ಲಾ ಇದ್ದೀರಲ್ಲ, ಇನ್ನೊಬ್ಬಾಕಿ ಯಾಕ ಬೇಕು?" ಎನ್ನುತ್ತಾರೆ.

ನಾನಾದರೋ ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ; ಪುರಾವೆ ಇಲ್ಲದೆ ಉಪ್ಪಿಟ್ಟಿಗೆ ಉಪ್ಪು ಹಾಕಿದೆ ಎಂದರೂ ನಂಬುವವಳಲ್ಲ. ಗೆದ್ದ ಕಪ್ಪುಗಳನ್ನು ಇಡಲು ಜಾಗವಿಲ್ಲದೆ ಅವ್ವ ಅದರಲ್ಲೊಂದಕ್ಕೆ ಲವಂಗ ತುಂಬಿದ್ದಾಳೆ. ಇಂಥ ನಾನು ವಾದದಲ್ಲಿ ಸೋತಿರುವುದು ಭೂಮಿಯ ಮೇಲೆ ಒಬ್ಬರಿಗೇ.

ವಿಶ್ವವಿದ್ಯಾಲಯದಲ್ಲಿ ನಾನು ಓದುತ್ತಿರುವುದು ಖಗೋಳ ಭೌತಶಾಸ್ತ್ರ. ನಕ್ಷತ್ರಗಳು ಹೇಗೆ ಹುಟ್ಟುತ್ತವೆ, ಹೇಗೆ ಉರಿಯುತ್ತವೆ, ಹೇಗೆ ಸಾಯುತ್ತವೆ ಎಂಬ ಲೆಕ್ಕ. ಮೂರನೆಯ ವರ್ಷವನ್ನು ಸ್ಕಾಟ್ಲೆಂಡಿನಲ್ಲಿ ಓದುವ ಅವಕಾಶ ಸಿಕ್ಕಿತು. ಮನೆಯವರೆಲ್ಲ ಪೇಢೆ ತಿಂದರು. ಕಾಕಾ ಪೇಢೆಯನ್ನು ಕೈಯಲ್ಲೇ ಹಿಡಿದು ಕೇಳಿದರು: "ಅಲ್ಲಿ ಹವಾ ಹೆಂಗಿರ್ತೈತಿ, ತಂಗಿ?"

"ಥಂಡಿ ಇರ್ತೈತ್ರಿ. ಮಳಿ, ಮೋಡ."

"ವರ್ಷಾನಗಟ್ಟಲೆ?"

"ಬಹಳ ಮಾಡಿ ಹಂಗರೀ."

"ಅಂದ್ರ ಚುಕ್ಕಿ ಕಾಣೂ ಇಂಡಿ ಬಿಟ್ಟು, ಚುಕ್ಕಿ ಕಾಣದ ಊರಿಗೆ ಚುಕ್ಕಿ ಓದಾಕ ಹೊಂಟೀಯೇನು?"

ದೂರದರ್ಶಕಗಳು ಬೇರೆ ಬೇರೆ ದೇಶಗಳ ಬೆಟ್ಟದ ಮೇಲಿರುತ್ತವೆ, ಅವು ಕಳಿಸಿದ ಅಂಕಿಗಳನ್ನು ನಾವು ಕಂಪ್ಯೂಟರಿನಲ್ಲಿ ಕೂತು ಓದುತ್ತೇವೆ ಎಂದು ವಿವರಿಸಿದೆ. "ಹಂಗಾರ ಇಂಡ್ಯಾಗ ಕಂಪ್ಯೂಟರ್ ಇಲ್ಲೇನು?" ಎಂದರು! ನೀವೇ ಹೇಳಿ, ಇದಕ್ಕೆ ಯಾವ ನಿರ್ಣಾಯಕರು ನನಗೆ ಅಂಕ ಕೊಟ್ಟಾರು?

ಅಂದಿನಿಂದ ಕಾಕಾ ನನ್ನ ಪರವಾಗಿ ಚಿಂತೆಯ ಗುತ್ತಿಗೆ ಹಿಡಿದರು. ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ನನ್ನಂತೆ ಕಾಣುವುದಿಲ್ಲ, ಗಡಿಯಲ್ಲೇ ತಡೆಯುತ್ತಾರೆ ಎಂಬುದು ಮೊದಲ ಚಿಂತೆ. ದಿನಾ ಮುಂಜಾನೆ ಚಹಾ ಕುಡಿಯುವಾಗ ಎದುರಿಗೆ ಕೂತು, "ಎಲ್ಲಿ, ಒಮ್ಮೆ ಆ ಫೋಟೋದಂಗ ಮಾರಿ ಮಾಡು" ಎನ್ನುವರು. ಹದಿನೈದು ದಿನ ನಾನು ಭೇದಿಯಾದವಳ ಮುಖ ಮಾಡಿಕೊಂಡು ಚಹಾ ಕುಡಿದೆ!

ಎರಡನೆಯ ಚಿಂತೆ ದೊಡ್ಡದು. ನನ್ನ ವಿಮಾನ ಮುಂಬೈಯಿಂದ ಮಂಗಳವಾರ. ಮಂಗಳವಾರ ಪ್ರಯಾಣಕ್ಕೆ ಒಳ್ಳೆಯದಲ್ಲವಂತೆ. ವಿಮಾನವನ್ನು ಮುಂದೂಡಲು ಕಾಕಾನ ಮಾತು ಯಾರು ಕೇಳುತ್ತಾರೆ? ಅದಕ್ಕೇ ಪ್ರಸ್ಥಾನ ಇಡುವ ಉಪಾಯ ತೆಗೆದರು. ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣಿಕರ ಒಂದು ಗಂಟನ್ನು ನೆರೆಮನೆಯಲ್ಲಿ ಒಯ್ದಿಟ್ಟರೆ ಪ್ರಯಾಣ ಆಗಲೇ ಶುರುವಾಯಿತೆಂದು ಅರ್ಥ. ಗಂಟು ಮತ್ತೆ ಮನೆಗೆ ಬರಕೂಡದು. ಹೊರಡುವ ದಿನ ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು.

"ಕಾಕಾ, ಗಂಟು ಅಂದ್ರ ನಾನೇನ್ರಿ? ಅದು ಬಾಜೂಮನಿ ಮೌಶಿ ಕಡೆ ಇದ್ರ ನಾ ಹೊಂಟಂಗ ಹೆಂಗಾಕ್ಕೈತಿ? ಪುರಾವೆ ಕೊಡ್ರಿ."

ಕಾಕಾ ಹೆಗಲಿನ ಟವೆಲ್ ತೆಗೆದು ಕೊಡವಿದರು. "ಕಿಟಕ್ಯಾಗಿಂದ ಇದನ್ನ ಒಗದ್ರ ಸೀಟ್ ಯಾರದು?"

"ನಿಮ್ದು."

"ನಾ ಇನ್ನಾ ಕೆಳಗ ನಿಂತೀನಲ್ಲ?"

"ಆದ್ರೂ..."

"ಟವೆಲ್ ಕುಂತ್ರ ನಾ ಕುಂತಂಗ. ಇಡೀ ಬಸ್ಸು ಒಪ್ತೈತಿ, ನೀ ಒಬ್ಬಾಕಿ ಒಪ್ಪಂಗಿಲ್ಲ!"

ಎರಡನೆಯ ಸುತ್ತಿನಲ್ಲೂ ಸೋಲು. ಗುರುವಾರ ಮುಂಜಾನೆ ಕಾಕಾ ತಾವೇ ಒಂದು ಚೀಲ ಕಟ್ಟಿ ಪಕ್ಕದ ಮನೆಯ ಮೌಶಿಯ ದೇವರ ಕೋಣೆಯಲ್ಲಿಟ್ಟು ಬಂದರು.

ಶನಿವಾರ ಮುಂಜಾನೆ ಕಾಗದಪತ್ರ ಜೋಡಿಸುತ್ತ ಕೂತೆ. ಪಾಸ್‌ಪೋರ್ಟ್ ಇಲ್ಲ! ಟ್ರೆಝರಿ ಕಪಾಟಿನಲ್ಲಿಲ್ಲ, ಹಾಸಿಗೆಯ ಕೆಳಗಿಲ್ಲ, ಅವ್ವನ ಲವಂಗದ ಕಪ್ಪಿನಲ್ಲೂ ಇಲ್ಲ. ಕಾಕಾ ಸಮಾಧಾನವಾಗಿ ಹೇಳಿದರು: "ಅದು ಪ್ರಸ್ಥಾನದಾಗ ಐತಿ. ಯಾವುದು ಇಲ್ದ ಪ್ರಯಾಣ ಆಗಂಗಿಲ್ಲೋ ಅದನ್ನ ಇಡಬೇಕಂತ ಶಾಸ್ತ್ರ. ಯಾವುದು ಇಲ್ದ ನೀ ಹೋಗಾಕ ಬರಂಗಿಲ್ಲ? ಪಾಸ್‌ಪೋರ್ಟ್!" ಗಣಿತದ ಮಾಸ್ತರರು ನೋಡಿ, ಪ್ರಮೇಯದ ಸಾಧನೆ ನಿರ್ದೋಷವಾಗಿತ್ತು.

ಮೌಶಿಯ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಫೋನು ಹಚ್ಚಿದರೆ ಅದು ಮನೆಯೊಳಗೇ ಬಡಕೊಂಡಿತು. ಎದುರುಮನೆಯವರು ಹೇಳಿದರು: ಮೌಶಿ ಸಿಂದಗಿಯ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಸೋಮವಾರ ಸಂಜೆ. ಮಗಳ ನಂಬರು ಯಾರ ಹತ್ತಿರವೂ ಇರಲಿಲ್ಲ.

ಕಾಕಾನ ಮುಖ ಸುಣ್ಣವಾಯಿತು. ಮುಂಬೈಗೆ ನನ್ನ ರೈಲು ಸೊಲ್ಲಾಪುರದಿಂದ ರವಿವಾರವೇ ಇತ್ತು. ಜಗತ್ತಿನ ಎಲ್ಲ ವೇಳಾಪಟ್ಟಿಗಳನ್ನೂ ನಾಲ್ಕು ಸಲ ತಾಳೆ ನೋಡುವ ಈ ಮನುಷ್ಯ ಮೌಶಿಗೆ ಹೇಳಿದ್ದು ವಿಮಾನದ ದಿನವನ್ನು ಮಾತ್ರ! ಮುಂದಿನ ಗುರುವಾರದೊಳಗೆ ಸ್ಕಾಟ್ಲೆಂಡಿನಲ್ಲಿ ಹಾಜರಾಗದಿದ್ದರೆ ನನ್ನ ಸೀಟು ಕಾದು ಕೂತ ಇನ್ನೊಬ್ಬರಿಗೆ ಹೋಗುತ್ತಿತ್ತು.

"ಕೀಲಿ ಒಡಿಯೋಣ ಅಂತೀನಿ," ಎಂದೆ.

"ಪ್ರಸ್ಥಾನ ಇಟ್ಟ ಮನಿ ಕೀಲಿ ಒಡಿತಾರ? ನಡಿ ಸಿಂದಗಿಗೆ!"

ನಿಲ್ದಾಣದಲ್ಲಿ ಬಸ್ಸಿಗೆ ಮಂದಿ ಮುಗಿಬಿದ್ದಿದ್ದರು. ಈಗ ಟವೆಲ್ ಹಾರುತ್ತದೆ ಎಂದು ನೋಡಿದರೆ, ಕಾಕಾ ಎಡಗಾಲಿನ ಚಪ್ಪಲಿ ಬಿಚ್ಚಿ ಕಿಟಕಿಯೊಳಗೆ ಒಗೆದರು! ಅದು ಅಷ್ಟೇ ವೇಗದಲ್ಲಿ ವಾಪಸ್ಸು ಬಂತು.

"ಟವೆಲ್ ಎಲ್ಲಿ ಕಾಕಾ?"

"ಒಗಿಯಾಕ ಹಾಕೀನಿ," ಎಂದು ಬೇರೆ ಕಡೆ ಮುಖ ತಿರುಗಿಸಿದರು. ಸಿಂದಗಿಯವರೆಗೂ ನಿಂತೇ ಹೋದೆವು.

ಸಿಂದಗಿಯಲ್ಲಿ ಮೌಶಿಯ ಮಗಳು, "ಅವ್ವ ಮುಂಜಾನೇನ ಬಾಗೇವಾಡಿಗೆ ಹೋದ್ಲರಿ, ನಮ್ಮ ಸೋದರತ್ತಿ ಸೊಸಿ ಕುಬಸಕ್ಕ" ಎಂದಳು. ಸೀಮಂತದ ಗದ್ದಲದ ಮನೆಯಲ್ಲಿ ಯಾರೂ ಫೋನು ಎತ್ತಲಿಲ್ಲ. ಮತ್ತೆ ಬಸ್ಸು. ಹೂವಿನ ಹಿಪ್ಪರಗಿ ದಾಟುವಾಗ ಕಾಕಾ ಒಂದೇ ಸಮನೆ ಗೊಣಗುತ್ತಿದ್ದರು: "ಮೌಶಿ ಕೀಲಿ ಕಳಕೊಂಡಿದ್ರ? ಪಾಸ್‌ಪೋರ್ಟ್ ಇಲಿ ತಿಂದಿದ್ರ?" ನಾನೇನೋ ಧೈರ್ಯವಂತೆ. ಆದರೆ ಬಸವನಬಾಗೇವಾಡಿಯಲ್ಲಿ ಗುಡಿಯ ಗೋಪುರ ಕಂಡ ಕೂಡಲೇ ನನ್ನ ಎರಡೂ ಕೈಗಳು ತಾವಾಗಿಯೇ ಕೂಡಿಕೊಂಡವು. ದಯವಿಟ್ಟು ನನ್ನ ಚರ್ಚಾ ಸಂಘದವರಿಗೆ ಇದನ್ನು ಹೇಳಬೇಡಿ!

ಬಾಗೇವಾಡಿಯಲ್ಲೂ ಮೌಶಿ ಇಲ್ಲ. ಮುತ್ತೈದೆಯರಿಗೆ ಕೊಡುವ ಸೀರೆ ಕಡಿಮೆ ಬಿದ್ದಿದ್ದರಿಂದ ನಾದಿನಿಯೊಂದಿಗೆ ಮುದ್ದೇಬಿಹಾಳದ ಪರಿಚಯದ ಅಂಗಡಿಗೆ ಹೋಗಿದ್ದರು. ನಾದಿನಿಯ ಫೋನು ಚಾರ್ಜಿಲ್ಲದೆ ಸತ್ತಿತ್ತು.

ಮುದ್ದೇಬಿಹಾಳದ ನಿಲ್ದಾಣದಲ್ಲಿ ಇಳಿದಾಗ ಮೂರು ಗಂಟೆ. ಕಾಕಾ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತರು. "ತಂಗಿ, ನಿನ್ನ ವರ್ಷ ನಾನ ಹಾಳ ಮಾಡಿದ್ನಲ್ಲ..." ಎಂದರು. ಮೂವತ್ತು ವರ್ಷ ಮಕ್ಕಳ ಉತ್ತರ ತಿದ್ದಿದ ಬೆರಳುಗಳು ರವಿವಾರ, ಸೋಮವಾರ, ಮಂಗಳವಾರ ಎಂದು ಮತ್ತೆ ಮತ್ತೆ ಎಣಿಸುತ್ತಿದ್ದವು. ಪರ ವಿರೋಧ ಬದಿಗಿಟ್ಟು ಅವರ ಕೈ ಹಿಡಿದೆಬ್ಬಿಸಿದೆ.

ಎರಡನೆಯ ಸೀರೆಯಂಗಡಿಯಲ್ಲಿ ಮೌಶಿ ಸಿಕ್ಕರು! ಮಾಲೀಕ ಕಾಕಾನ ಹಳೆಯ ವಿದ್ಯಾರ್ಥಿ. ಸರ್ ಬಂದರೆಂದು ಎದ್ದು ನಿಂತ. ಕಾಕಾ ಅವನ ಕಡೆ ನೋಡಲೂ ಇಲ್ಲ. "ಕೀಲಿ!" ಎಂದರು.

"ಯಾವ ಕೀಲಿ, ಮಾಸ್ತರ್ರ?"

"ನಿಮ್ಮ ಮನಿದು! ನಾಳೆ ರೈಲು ಐತಿ ಹುಡುಗೀದು!"

"ಅಯ್ಯ ಶಿವನ! ನೀವ ಮಂಗಳವಾರ ಅಂದಿದ್ರಿ! ಕೀಲಿ ನನ್ನಂತೇಕ ಎಲ್ಲೈತ್ರಿ? ತುಳಸಿಗೆ ನೀರ ಹಾಕ್ರಿ ಅಂತ ನಿಮ್ಮ ಹಿತ್ತಲ ಬಾಗಲ ಗೂಟಕ್ಕ ಹಾಕಿ, ಹೇಳಿ ಬಂದೀನಲ್ಲ!"

ಮನೆಗೆ ಫೋನು ಹಚ್ಚಿದೆವು. ಕೀಲಿ ಗೂಟದಲ್ಲೇ ತೂಗುತ್ತಿತ್ತು. ಮೌಶಿ ಹೇಳಿದಾಗ ಅವ್ವ ಮಿಕ್ಸರ್ ಹಚ್ಚಿದ್ದಳಂತೆ. ಮೂರು ತಾಲೂಕು ಅಲೆದೆವು. ಕೀಲಿ ನಮ್ಮ ಮನೆಯಲ್ಲೇ! ಮೌಶಿಯ ತುಳಸಿಗೆ ಮಾತ್ರ ಎರಡು ದಿನದಿಂದ ನೀರಿಲ್ಲ.

ಮರುದಿನ ಮೌಶಿಯ ಮನೆಯಿಂದಲೇ ಚೀಲ ಎತ್ತಿಕೊಂಡು ಹೊರಟೆ. ಪಾಸ್‌ಪೋರ್ಟಿಗಾಗಿ ಕೈ ಹಾಕಲು ಹೋದರೆ ಕಾಕಾ ತಡೆದರು: "ನೀ ಕೆದರಬ್ಯಾಡ, ನಾ ತಗದು ಕೊಡ್ತೇನಿ."

ಯಾಕೆಂದು ಸ್ಕಾಟ್ಲೆಂಡಿನ ಕೋಣೆಯಲ್ಲಿ ಚೀಲ ಸುರುವಿದಾಗ ತಿಳಿಯಿತು. ಅಡಿಕೆ, ಅರಿಷಿಣದ ಕೊಂಬು, ಒಂದು ಹಿಡಿ ಅಕ್ಕಿ. ಅವುಗಳ ಕೆಳಗೆ ನಾಲ್ಕು ಮಡಿಕೆ ಮಾಡಿಟ್ಟ ಕೆಂಪು ಚೌಕಳಿಯ ಟವೆಲ್.

ಸೊಲ್ಲಾಪುರದಾಚೆಗೆ ಎಂದೂ ಹೋಗದ ಮನುಷ್ಯ!

ಇಲ್ಲಿ ದಿನವೂ ಮೋಡ. ಕಾಕಾ ಫೋನಿನಲ್ಲಿ ಮೊದಲು ಕೇಳುವುದೇ ಅದನ್ನು. ಟವೆಲ್ಲಿನ ಮಾತು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ. ನನ್ನ ಕೋಣೆಯಲ್ಲಿ ಎರಡು ಕುರ್ಚಿಗಳಿವೆ. ಮೊನ್ನೆ ಸಹಪಾಠಿಯೊಬ್ಬಳು ಲೆಕ್ಕ ಕೇಳಲು ಬಂದವಳು, ಕಿಟಕಿಯ ಪಕ್ಕದ ಕುರ್ಚಿಯ ಮೇಲಿದ್ದ ಟವೆಲ್ ಸರಿಸಿ ಕೂರಲು ಹೋದಳು. ಅವಳಿಗೆ ಕನ್ನಡ ಬರುವುದಿಲ್ಲ ಎಂಬುದನ್ನೂ ಮರೆತು ಒದರಿಬಿಟ್ಟೆ:

"ಏ, ಮಂದಿ ಬರೋರದಾರ ಅಲ್ಲಿ!"