ಇನ್ಸ್‌ಪೆಕ್ಟರ ಮನೆಯ ಪನ್ನೀರು ಗುಲಾಬಿ

ಆಘಾತಗಳಿಗೆ ನನ್ನ ಮನೆಯ ವಿಳಾಸ ಚೆನ್ನಾಗಿ ಗೊತ್ತು. ಯಾವ ಊರಿಗೆ ವರ್ಗವಾದರೂ ನನಗಿಂತ ಮೊದಲೇ ಹೋಗಿ ಗೇಟಿನ ಹತ್ತಿರ ನಿಂತಿರುತ್ತವೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಸೀಮೆಎಣ್ಣೆ ಅಳೆಯುವ ಲೀಟರು ಇವನ್ನೆಲ್ಲ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ಕೇಸು ಹಾಕುವುದು ನನ್ನ ಕೆಲಸ. ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಅಲ್ಲಿ ಬೆತ್ತದ ಏಟಿನ ಜೊತೆ ಶಿಸ್ತೂ ಬಿತ್ತು. ಅದರ ಫಲವಾಗಿ ಎರಡು ನಿಯಮ ಇಟ್ಟುಕೊಂಡಿದ್ದೆ. ಒಂದು, ತಕ್ಕಡಿ ಇಟ್ಟಿರುವ ಯಾರ ಹತ್ತಿರವೂ ಒಂದು ಬಾಳೆಹಣ್ಣನ್ನೂ ಪುಕ್ಕಟೆ ಮುಟ್ಟಬಾರದು. ಎರಡು, ನನ್ನ ಅಂಗಳದ ಗಿಡದಿಂದ ಯಾರೂ ಹೂ ಕೀಳಬಾರದು. ಹೂವು ಹುಟ್ಟುವುದು ಗಿಡದಲ್ಲಿ, ಇರಬೇಕಾದದ್ದೂ ಗಿಡದಲ್ಲೇ. ಇದು ನನ್ನ ಹೆಂಡತಿಗೂ ಅನ್ವಯ.

ಎಂಬತ್ತರ ದಶಕದ ಕೊನೆಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು. ಹೆಂಚಿನ ಬಾಡಿಗೆ ಮನೆ, ಮುಂದೆ ಅಂಗಳ. ದಾಸವಾಳ, ಕನಕಾಂಬರ, ದುಂಡುಮಲ್ಲಿಗೆ ಹಾಕಿದೆ. ಎಲ್ಲಕ್ಕಿಂತ ಪ್ರೀತಿಯಿಂದ ಒಂಬತ್ತು ಪನ್ನೀರು ಗುಲಾಬಿ ಗಿಡ ಬೆಳೆಸಿದೆ. ಎರಡನೇ ಬೇಸಿಗೆಗೆ ಅವು ಮೈತುಂಬ ಮೊಗ್ಗು ಬಿಟ್ಟವು. ಸಂಜೆ ನಾನು ಮೊಗ್ಗು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬೆಳಿಗ್ಗೆ ಆರರ ಬಸ್ಸಿಗೆ ಹೊರಡುವಾಗ ಅವು ಆಗತಾನೆ ಬಿರಿಯುತ್ತಿರುತ್ತಿದ್ದವು. ಚಿಂತಾಮಣಿಯೋ ಗೌರಿಬಿದನೂರೋ ಸುತ್ತಿ ಸಂಜೆ ಬಂದು ನೋಡಿದರೆ ಬರೀ ತೊಟ್ಟು! ಉದುರಿದ್ದರೆ ಪಕಳೆಯಾದರೂ ನೆಲದಲ್ಲಿ ಇರಬೇಕಲ್ಲ? ಒಂದೂ ಇಲ್ಲ. ನಾನು ಮನೆಯಲ್ಲಿರುವ ಭಾನುವಾರ ಮಾತ್ರ ಎಲ್ಲ ಗುಲಾಬಿಯೂ ಇದ್ದಲ್ಲೇ ಇರುತ್ತಿದ್ದವು.

ಭಾನುವಾರ ರಜೆ ಹಾಕುತ್ತಾನೆಂದ ಮೇಲೆ ಕಳ್ಳ ಸರ್ಕಾರಿ ನೌಕರನೇ ಎಂದು ತೀರ್ಮಾನಿಸಿ, ಅವನನ್ನು ಹಿಡಿದೇ ತೀರುತ್ತೇನೆಂದು ಹೆಂಡತಿಯ ಮುಂದೆ ಶಪಥ ಮಾಡಿದೆ. ಅವಳು ಮಜ್ಜಿಗೆ ತಂದುಕೊಟ್ಟಳು.

ಅರ್ಧ ಪುಣ್ಯ

ಮೊದಲು ಗೇಟಿಗೆ ಬೋರ್ಡು ಹಾಕಿಸಿದೆ. ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ: 'ಹೂ ಕೀಳಬಾರದು'. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಬಾಗಿಲು ತೆಗೆದವನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕಾಂಪೌಂಡಿನ ಆಚೆ ಒಬ್ಬ ವೃದ್ಧರು ಮಣೆಯ ಮೇಲೆ ನಿಂತು, ಕೊಕ್ಕೆ ಕೋಲಿನಿಂದ ನನ್ನ ದಾಸವಾಳದ ಕೊಂಬೆ ಬಗ್ಗಿಸುತ್ತಿದ್ದಾರೆ. ಯಾರೆಂದು ನೋಡಿದರೆ, ಇಡೀ ಬೀದಿ ಕೈಮುಗಿಯುವ ನಿವೃತ್ತ ಹೆಡ್‌ಮಾಸ್ಟರು! ಮಣೆಯನ್ನೂ ಮನೆಯಿಂದಲೇ ಹೊತ್ತು ತಂದಿದ್ದರು.

"ಸಾರ್! ಬೋರ್ಡು ಓದಲಿಲ್ಲವೇ?"

"ಓದಿದೆನಪ್ಪಾ. ಅಕ್ಷರ ಚೆನ್ನಾಗಿದೆ," ಎಂದು ಇನ್ನೊಂದು ಕಿತ್ತರು.

"ಮತ್ತೆ ಕೀಳುತ್ತಿದ್ದೀರಲ್ಲ?"

"ನನಗೇನು ಮುಡ್ಕೊಳಕ್ಕಾ? ದೇವರಿಗೆ. ದೇವರ ಹೂವಿಗೆ ಯಾರಾದ್ರೂ ಕೇಳ್ತಾರೇನಪ್ಪಾ? ಪುಣ್ಯದಲ್ಲಿ ಅರ್ಧ ನಿನಗೂ ಬರತ್ತೆ."

ನನಗೆ ಮೈ ಉರಿಯಿತು. ಆದರೂ ವೃತ್ತಿಯ ಅಭ್ಯಾಸ ಬಿಡಲಿಲ್ಲ. "ಗಿಡ ನನ್ನದು, ನೀರು ನನ್ನದು, ಹೂವು ಪೂರ್ತಿ ನನ್ನದು. ಪುಣ್ಯ ಮಾತ್ರ ಅರ್ಧವೇ?"

ಅವರು ಬುಟ್ಟಿ ಎತ್ತಿಕೊಂಡು ಮಣೆಯಿಂದ ಇಳಿದರು. ಬುಟ್ಟಿಯಲ್ಲಿ ಇಣುಕಿದೆ. ಬರೀ ದಾಸವಾಳ, ಪನ್ನೀರು ಗುಲಾಬಿ ಒಂದೂ ಇಲ್ಲ. ಮುಳ್ಳಿನ ಗಿಡಕ್ಕೆ ಕೈ ಹಾಕುವ ವಯಸ್ಸಲ್ಲ ನನ್ನದು ಎಂದರು. ನಂತರ ಮಣೆಯನ್ನು ನನ್ನ ಕೈಗೆ ಕೊಟ್ಟು, ಮನೆ ತನಕ ತಂದುಕೊಡುವಂತೆ ಹೇಳುತ್ತಾ ಅಂದರು:

"ಇನ್ನರ್ಧ ಪುಣ್ಯ ಕೀಳೋ ಕಷ್ಟಕ್ಕಪ್ಪಾ. ಈ ವಯಸ್ಸಲ್ಲಿ ಮಣೆ ಹತ್ತೋದು ಸುಲಭ ಅಂದ್ಕೊಂಡಿದ್ದೀಯಾ?"

ಮೊಣಕೈಗೆ ಮುದ್ರೆ

ಅಂಗಳದಲ್ಲಿ ಮಲ್ಲಿಗೆ ಗಮಗಮ ಎನ್ನುತ್ತಿದ್ದರೂ ನನ್ನ ನಿಯಮದಿಂದಾಗಿ ಹೆಂಡತಿ ಬೀದಿಯಲ್ಲಿ ಬರುವ ಹೂವಿನವಳ ಹತ್ತಿರವೇ ಹೂ ಕೊಳ್ಳುತ್ತಿದ್ದಳು. ಹೂವಿನವಳು ಗಿಡ ನೋಡುವಳು, ನನ್ನ ಹೆಂಡತಿಯ ಮುಖ ನೋಡುವಳು. "ಇಷ್ಟೊಂದು ಹೂ ಇಟ್ಕೊಂಡು ಕಾಸು ಕೊಟ್ಟು ಹೂ ಕೊಳ್ಳೋ ಯಜಮಾನ್ತಿ ಈ ಸೀಮೆಲೇ ನೀವೊಬ್ರು ಕಣಮ್ಮಾ!"

ಒಂದು ಭಾನುವಾರ ನಾನು ಜಗಲಿಯಲ್ಲಿದ್ದೆ. ಅವಳು ಬೆರಳ ತುದಿಯಿಂದ ಮೊಣಕೈವರೆಗೆ ದಾರ ಹಿಡಿದು "ಒಂದು ಮೊಳ, ಎರಡು ಮೊಳ" ಎಂದು ಅಳೆದು ಕೊಟ್ಟಳು. ನನ್ನ ಕಣ್ಣಿಗೆ ಅದು ಗಿಡ್ಡವಾಗಿ ಕಂಡಿತು. ಒಳಗಿನಿಂದ ಉಕ್ಕಿನ ಟೇಪು ತಂದು ಹಿಡಿದೆ. ಮೊಳಕ್ಕೆ ಹದಿನೆಂಟು ಇಂಚು ಇರಬೇಕು. ಇದ್ದದ್ದು ಹದಿನೈದು! ನಾಲ್ಕು ತಾಲೂಕಿನ ತಕ್ಕಡಿ ಹಿಡಿದವನ ಮನೆ ಮೆಟ್ಟಿಲಲ್ಲೇ ಇಷ್ಟು ದಿನ ಅಳತೆ ಕಡಿಮೆ!

"ಇದು ಮೋಸ," ಎಂದೆ. "ಅದೂ ಅಲ್ಲದೆ ಮೊಳ, ಮಾರು ಎಂಬ ಅಳತೆಗಳೇ ಕಾನೂನಿನಲ್ಲಿಲ್ಲ. ಮೀಟರಿನಲ್ಲಿ ಕೊಡಬೇಕು."

"ಅಯ್ಯೋ ದೇವುಡಾ! ಮೀಟ್ರು ಹೂ ಯಾರು ಮುಡೀತಾರೆ ಸಾಮಿ? ಮೊಳ ಅಂದ್ರೆ ಕೈ. ನಮ್ಮಮ್ಮ ನಂಗೆ ಕೊಟ್ಟಿರೋ ಕೈ ಇಷ್ಟೇ."

"ಮುದ್ರೆ ಇಲ್ಲದ ಅಳತೆಯಲ್ಲಿ ವ್ಯಾಪಾರ ಮಾಡುವುದು ಅಪರಾಧ. ನಾನು ಈ ಇಲಾಖೆಯ ಇನ್ಸ್‌ಪೆಕ್ಟರ್, ಗೊತ್ತಾ?"

ಹೂವಿನವಳು ಬುಟ್ಟಿ ಇಳಿಸಿದಳು. ಸೆರಗು ಸರಿಮಾಡಿಕೊಂಡು, ಬಳೆಗಳನ್ನು ಹಿಂದಕ್ಕೆ ತಳ್ಳಿ, ಬಲಗೈಯನ್ನು ನನ್ನ ಮೂಗಿನ ಹತ್ತಿರಕ್ಕೆ ಚಾಚಿದಳು.

"ಹಂಗಾದ್ರೆ ಒತ್ತಿ ಸಾಮಿ. ಮೊಣಕೈ ಮೇಲೆ ಒತ್ತುತೀರೋ, ಬೆರಳ ಮೇಲೋ? ಸುಡೋ ಮುದ್ರೆ ಆದ್ರೆ ಮಾತ್ರ ವಸಿ ಮೆಲ್ಲಗೆ."

ಏಳು ಕಾವಲುಗಾರರು

ಪಕ್ಕದ ಮನೆಯ ಸಾಹೇಬರು ರೇಷ್ಮೆ ಗೂಡಿನಿಂದ ನೂಲು ತೆಗೆಸುವವರು. ಸಜ್ಜನರು. ಆದರೆ ಗೂಡು ತೂಗಲು ತಕ್ಕಡಿ ಇಟ್ಟಿದ್ದರು, ಅದಕ್ಕೆ ಮುದ್ರೆ ಒತ್ತಿದವನು ನಾನೇ. ಹಾಗಾಗಿ ಅವರ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಕುಡಿದವನಲ್ಲ.

ಮೇ ತಿಂಗಳ ಮೊದಲಲ್ಲಿ ಅವರು ಗೋಡೆಯ ಆಚೆಯಿಂದ ಕರೆದರು. "ಸಾರ್, ನೂಲು ತೆಗೆದ ಮೇಲೆ ಗೂಡಿನ ಒಳಗಡೆ ಸತ್ತ ಹುಳ ಉಳಿಯತ್ತಲ್ಲ, ಗುಲಾಬಿಗೆ ಅದರಂಥಾ ಗೊಬ್ಬರ ಇಲ್ಲ. ಒಂದು ಮಂಕರಿ ಕಳಿಸ್ಲಾ?"

"ಬೇಡ. ಪುಕ್ಕಟೆ ಏನೂ ತೆಗೆದುಕೊಳ್ಳುವುದಿಲ್ಲ."

"ಅರೆ ಸಾರ್, ನಾರೋ ಕಸ ಅದು! ಕಸ ಯಾವಾಗಿಂದ ಲಂಚ ಆಯ್ತು?"

ಒಂದು ದಿನವಿಡೀ ಯೋಚಿಸಿದೆ. ಕಸ ಉಡುಗೊರೆಯಲ್ಲ ಎಂದು ಮನಸ್ಸಿಗೆ ಒಪ್ಪಿಗೆಯಾದ ಮೇಲೆ ತರಿಸಿಕೊಂಡೆ. ಒಂದಡಿ ಆಳದಲ್ಲಿ ಹೂಳಿ ಎಂದು ಸಾಹೇಬರು ಹೇಳಿದರು. ನನ್ನ ಇಂಗ್ಲಿಷ್ ತೋಟಗಾರಿಕೆ ಪುಸ್ತಕದಲ್ಲಿ ಎರಡು ಇಂಚು ಎಂದಿತ್ತು. ಅಚ್ಚಾದ ಪುಸ್ತಕವನ್ನು ಬಿಟ್ಟು ಬಾಯಿಮಾತು ನಂಬುವವನು ನಾನಲ್ಲ. ಸ್ಕೇಲ್ ಇಟ್ಟು ಎರಡೇ ಇಂಚು ಹೂತೆ.

ಬೆಳಿಗ್ಗೆ ಎದ್ದರೆ ಅಂಗಳ ಉತ್ತ ಹೊಲದಂತಾಗಿತ್ತು. ಏಳು ಬೀದಿನಾಯಿಗಳು ಮೂತಿಗೆ ಮಣ್ಣು ಮೆತ್ತಿಕೊಂಡು ಸುಖವಾಗಿ ಮಲಗಿದ್ದವು. ಪುಣ್ಯಕ್ಕೆ ಗುಲಾಬಿಯ ಬೇರು ಉಳಿದಿತ್ತು. ನಾಯಿಗಳನ್ನು ಆಚೆ ಅಟ್ಟಿದೆ. ಸಂಜೆಗೆ ಏಳೂ ಗೇಟಿನ ಮುಂದೆ, ನ್ಯಾಯಬೆಲೆ ಅಂಗಡಿಯ ಕ್ಯೂ ಹಾಗೆ ಸಾಲಾಗಿ ಕುಳಿತಿದ್ದವು. ಅಂದಿನಿಂದ ಅವು ಆ ಜಾಗ ಬಿಡಲಿಲ್ಲ. ನನ್ನ ಹೆಂಡತಿಯನ್ನು ಬಿಟ್ಟು ಯಾರು ಗೇಟು ಮುಟ್ಟಿದರೂ ಏಳೂ ಒಟ್ಟಿಗೆ ಬೊಗಳುತ್ತಿದ್ದವು. ಹೆಡ್‌ಮಾಸ್ಟರು ಮಣೆ ಸಮೇತ ಬೇರೆ ಬೀದಿಗೆ ಹೋದರು.

ಇನ್ನು ನನ್ನ ಗುಲಾಬಿ ಕ್ಷೇಮ ಎಂದುಕೊಂಡು ಒಂದು ಸಂಜೆ ನೋಟ್‌ಬುಕ್ ತೆರೆದೆ. ಹಿಂದಿನ ದಿನದ ಲೆಕ್ಕದಲ್ಲಿ ಇಪ್ಪತ್ತೆರಡು ಮೊಗ್ಗು ಇತ್ತು. ಹೂವು ಸೊನ್ನೆ. ಏಳು ನಾಯಿಗಳೂ ಬಾಲ ಅಲ್ಲಾಡಿಸುತ್ತಾ ನನ್ನನ್ನೇ ನೋಡುತ್ತಿದ್ದವು, ಕಳ್ಳನ ಪರಿಚಯ ಚೆನ್ನಾಗಿಯೇ ಇದ್ದವರಂತೆ.

ಎರಡನೇ ಭರಣಿ

ಆ ಬೇಸಿಗೆಯ ಬಿಸಿಲಿನಲ್ಲಿ ಸಂತೆ ಸಂತೆ ತಿರುಗಿ ನನಗೆ ಬಾಯಿತುಂಬ ಹುಣ್ಣಾಗಿತ್ತು. ಡಾಕ್ಟರ ಮಾತ್ರೆಗೂ ಬಗ್ಗಲಿಲ್ಲ. ಏಪ್ರಿಲ್ ಕೊನೆಯಿಂದ ಹೆಂಡತಿ ದಿನಾ ಊಟವಾದ ಮೇಲೆ ಒಂದು ಚಮಚ ಗುಲ್ಕನ್ ಕೊಡತೊಡಗಿದಳು. ಭರಣಿಯ ಗುರುತು ಹಿಡಿದೆ, ಗೌರಿಬಿದನೂರಿನ ಅವಳ ತವರುಮನೆಯದು. ಗುಲ್ಕನ್ನೂ ಅಲ್ಲಿಂದಲೇ ಬಂದಿರಬೇಕೆಂದುಕೊಂಡೆ. ಹದಿನೈದು ದಿನದಲ್ಲಿ ಹುಣ್ಣು ಮಾಯ.

"ಇದಕ್ಕೆ ಗುಲಾಬಿ ಬೆಳೆದವನು ಕೆಲಸ ಬಲ್ಲವನು ಕಣೇ. ಎಂಥಾ ಘಮ! ನಮ್ಮದೂ ಇದೆ, ಕಳ್ಳರ ಪಾಲಿಗೆ," ಎಂದೆ ಒಂದು ದಿನ. ಅವಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಅಡಿಗೆಮನೆಗೆ ಹೋದಳು.

ಮೇ ತಿಂಗಳ ಕೊನೆಯ ಭಾನುವಾರ. ನಾಯಿಗಳನ್ನು ಗದರಿಸಿಕೊಂಡು ಸಾಹೇಬರು ಒಳಗೆ ಬಂದರು. ಕೈಯಲ್ಲಿ ಭರಣಿ.

"ತಗೊಳ್ಳಿ ಸಾರ್, ಎರಡನೇದು. ಬಾಯಿ ಹುಣ್ಣು ವಾಸಿ ಆಯ್ತಂತಲ್ಲ, ನಮ್ಮ ಮನೇಲಿ ಬಹಳ ಖುಷಿಪಟ್ಟರು."

"ಎರಡನೆಯದೇ? ಮೊದಲನೆಯದು ಎಲ್ಲಿಂದ ಬಂತು?"

"ನಮ್ಮನೆಯಿಂದಾನೇ ಸಾರ್! ನಮ್ಮ ಬೀಬಿ ಕೈಯಾರೆ ಮಾಡಿದ್ದು."

ನನ್ನ ಕಾಲ ಕೆಳಗೆ ನೆಲ ಉಳಿಯಲಿಲ್ಲ. ತಕ್ಕಡಿ ಇಟ್ಟಿರುವವರ ಮನೆಯ ತಿನಿಸು! ಒಂದು ತಿಂಗಳು! ಚಪ್ಪರಿಸಿ! ಇಷ್ಟು ವರ್ಷದ ಶುದ್ಧ ಹಸ್ತ ಒಂದು ಚಮಚದಲ್ಲಿ ಹೋಯಿತು. ಮೇಜಿನ ಮುಂದೆ ಕುಳಿತು, ಬಿಳಿ ಹಾಳೆ ತೆಗೆದು, ಮೇಲಧಿಕಾರಿಗೆ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ಬರೆದೆ. ರಾಜೀನಾಮೆ ಎಂಬ ಪದ ಬರುವ ಹೊತ್ತಿಗೆ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದಳು.

"ರೀ, ನಿಲ್ಲಿಸ್ರೀ! ಅದು ಅವರದ್ದಲ್ಲ!"

"ಯಾರದು ಹಾಗಾದರೆ?"

"ನಮ್ಮದು. ನೀವು ಹುಡುಕ್ತಿದ್ದ ಗುಲಾಬಿ ಕಳ್ಳಿ ನಾನೇ. ದಿನಾ ನೀವು ಬಸ್ಸಿಗೆ ಹೋದ ತಕ್ಷಣ ಕಿತ್ತು ಗೋಡೆ ಮೇಲಿಂದ ಸಾಹೇಬರ ಮನೆ ಆಪಾಗೆ ಕೊಡ್ತಿದ್ದೆ. ಎರಡು ತಿಂಗಳಿಂದ. ಬಾಯಲ್ಲಿ ಒಂದು ತುತ್ತು ಇಳೀದೆ ಒದ್ದಾಡ್ತಿದ್ರಿ. ಕೇಳಿದ್ರೆ ಒಂದು ಹೂ ಕೀಳಕ್ಕೆ ಬಿಡ್ತಿದ್ರಾ?"

ಪೆನ್ನು ಕೈಯಲ್ಲೇ ನಿಂತಿತು. ನೋಟ್‌ಬುಕ್ಕಿನಲ್ಲಿ ಕಾಣೆಯಾದ ಅಷ್ಟೂ ಹೂವು ನನ್ನ ಹೊಟ್ಟೆಯಲ್ಲಿತ್ತು! ಮನೆಯಲ್ಲೇ ಕಳ್ಳತನವೆಂದು ಸಿಡಿಮಿಡಿಗೊಳ್ಳಬೇಕಿತ್ತು. ಆದರೆ ಕಳ್ಳತನದ ಸುದ್ದಿ ಕೇಳಿ ನನಗೆ ಹೋದ ಜೀವ ಬಂದದ್ದು ಬದುಕಿನಲ್ಲಿ ಅದೊಂದೇ ಸಲ. ಆದರೂ ಪೂರ್ತಿ ಖಾತ್ರಿಯಾಗದೆ ಹಾಳೆ ಹರಿಯುವವನಲ್ಲ ನಾನು.

"ಸಕ್ಕರೆ?"

"ನಮ್ಮ ರೇಷನ್ ಸಕ್ಕರೆ."

"ಭರಣಿ?"

"ನಮ್ಮಮ್ಮ ಕೊಟ್ಟಿದ್ದು. ಗುಲ್ಕನ್ ದಿನಗಟ್ಟಲೆ ಬಿಸಿಲಲ್ಲಿ ಇಡ್ಬೇಕು, ಹೆಂಚಿನ ಮನೇಲಿ ನಮಗೆ ತಾರಸಿ ಇಲ್ವಲ್ಲ, ಅದಕ್ಕೇ ಅವರ ತಾರಸಿ ಮೇಲೆ ಇಟ್ಟಿದ್ದು. ಬಿಸಿಲು ಮಾತ್ರ ಅವರದು. ಅದಕ್ಕೂ ರಾಜೀನಾಮೆ ಕೊಡ್ತೀರಾ?"

ನಾನು ಯೋಚಿಸುತ್ತಾ ಕುಳಿತದ್ದು ಕಂಡು ಸಾಹೇಬರಿಗೆ ಗಾಬರಿಯಾಯಿತು. ಭರಣಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕೈಮುಗಿದು ಅಂದರು:

"ಬಿಸಿಲು ವಾಪಸ್ ಕೊಡೋದೇನೂ ಬೇಡ ಸಾರ್. ನಮ್ಮ ತಾರಸಿ ಮೇಲೆ ಇನ್ನೂ ಬೇಕಾದಷ್ಟು ಬಿದ್ದಿದೆ."